ಡೇರೆಯ ಅಂಗಳದಲ್ಲಿ ಮಳೆಗಾಲ

ಪುಷ್ಪಸಮೃದ್ಧಿಯ ಋತುವೆಂಬ ಪಟ್ಟವನ್ನು ನಮ್ಮ ಕವಿಗಳು ವಸಂತಕ್ಕೆ ಕಟ್ಟಿರುವುದು ನ್ಯಾಯವೇ. ಮಾವು ಚಿಗುರಿ, ಹೊಂಗೆ ಹೂತು, ಕಾಡಿನ ಅಂಚಿನಲ್ಲಿ ಸುರಗಿಯ ಪರಿಮಳ ಹಬ್ಬುವ ಆ ಕಾಲದ ವೈಭವವನ್ನು ಅಲ್ಲಗಳೆಯುವವರಾರು? ಆದರೆ ಕಾಡಿನ ಮರಗಳ ಋತುವೊಂದು, ಮನೆಯಂಗಳದ ಗಿಡಗಳ ಋತುವೊಂದು. ಶಿರಸಿ, ಸಿದ್ದಾಪುರ, ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಸೀಮೆಯಲ್ಲಿ ಚೈತ್ರ ವೈಶಾಖಗಳೆಂದರೆ ಬಾವಿಯ ನೀರು ತಳ ಸೇರುವ ಕಾಲ. ಅಡಕೆ ತೋಟಕ್ಕೇ ಸಾಲದ ನೀರನ್ನು ಕೊಡಗಟ್ಟಲೆ ಸೇದಿ ಹೂವಿನ ಗಿಡಕ್ಕೆ ಹೊಯ್ಯುವುದು ದುಂದುಗಾರಿಕೆಯೆನಿಸುವ ಕಾಲ. ಆ ಸೀಮೆಯ ಗೃಹಿಣಿಯರ ಹೂದೋಟವು ಕಣ್ತೆರೆಯುವುದು ಮೃಗಶಿರಾ ಮಳೆ ಹಿಡಿದ ಮೇಲೆ; ಅದು ತುಂಬಿ ನಿಲ್ಲುವುದು ಶ್ರಾವಣ ಭಾದ್ರಪದಗಳಲ್ಲಿ. ನಾಗರಪಂಚಮಿ, ವರಮಹಾಲಕ್ಷ್ಮಿಯ ವ್ರತ, ಗೌರಿ, ಚೌತಿ, ಅದರ ಬೆನ್ನಿಗೆ ನವರಾತ್ರಿ ಎಂದು ಹೂವು ಬೇಡುವ ಹಬ್ಬಗಳೆಲ್ಲ ಸಾಲುಗಟ್ಟಿ ನಿಂತಿರುವುದೂ ಆ ತಿಂಗಳುಗಳಲ್ಲೇ ಆದುದರಿಂದ, ಮಳೆಗಾಲದ ಹೂದೋಟವೆಂಬುದು ಅಲ್ಲಿ ವಿನೋದವಾಗಿರುವಂತೆಯೇ ಅಗತ್ಯವೂ ಆಗಿದೆ. ವರ್ಷಕ್ಕೆ ಸುಮಾರು 2,500 ಮಿಲಿಮೀಟರು ಮಳೆ ಕಾಣುವ ಶಿರಸಿಯಲ್ಲಿ, ಏಳು ಸಾವಿರವನ್ನೂ ಮೀರುವ ಆಗುಂಬೆಯ ಸುತ್ತಿನಲ್ಲಿ, ಒಂದು ಹೂವಿನ ಗಿಡ ಬದುಕಿ ಹೂ ಬಿಡುವುದೇ ವಿಸ್ಮಯವೆಂದು ಬಯಲುಸೀಮೆಯವರಿಗೆ ತೋರಬಹುದು. ಆ ವಿಸ್ಮಯದ ಒಳಗೆ ಒಂದು ತರ್ಕವಿದೆ. ಅದನ್ನು ಬಿಡಿಸಿ ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಈ ಋತುವಿನ ಅಧಿದೇವತೆ ಡೇರೆ. ಇದರ ತೌರು ಮೆಕ್ಸಿಕೋ ದೇಶದ ಎತ್ತರದ ಮಲೆಗಳು. ಅಲ್ಲಿಂದ 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ಸಸ್ಯೋದ್ಯಾನಕ್ಕೆ ಬಂದು ಅಲ್ಲಿ ಹೂ ಬಿಟ್ಟ ಗಿಡಕ್ಕೆ, ಕವನೀಯೆಸ್ ಎಂಬ ಪಾದ್ರಿಯೂ ಸಸ್ಯಶಾಸ್ತ್ರಜ್ಞನೂ ಆದ ವಿದ್ವಾಂಸನು, ಲಿನೇಯಸನ ಶಿಷ್ಯನಾಗಿದ್ದ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬವನ ಗೌರವಾರ್ಥವಾಗಿ, 1791ರಲ್ಲಿ ಡೇಲಿಯಾ ಎಂದು ಹೆಸರಿಟ್ಟನು. ಮೆಕ್ಸಿಕೋ ತನ್ನ ಈ ಮಗಳನ್ನು ರಾಷ್ಟ್ರಪುಷ್ಪವೆಂದು ಮನ್ನಿಸಿದ್ದು 1963ರಲ್ಲಿ. ಇವೆಲ್ಲ ಪುಸ್ತಕದ ಮಾತುಗಳು; ನಮಗೆ ಇಲ್ಲಿ ಮುಖ್ಯವಾದುದು ಆ ಮಲೆಗಳ ಮಳೆಯ ಪಂಚಾಂಗ. ಅಲ್ಲಿಯೂ ಮಳೆ ಹಿಡಿಯುವುದು ಮೇ ಕೊನೆಗೆ ಇಲ್ಲವೆ ಜೂನಿನಲ್ಲಿ. ಬಿಡುವುದು ಅಕ್ಟೋಬರಿನ ಹೊತ್ತಿಗೆ. ಆಮೇಲೆ ಚಳಿಗಾಲವಿಡೀ ನೆಲ ಒಣಗಿರುತ್ತದೆ. ಮೊದಲ ಮಳೆಗೆ ಮೊಳೆತು, ಮಳೆಯೊಡನೆ ಬೆಳೆದು, ಮಳೆಯ ಕೊನೆಗೆ ಹೂತು, ಒಣ ತಿಂಗಳುಗಳನ್ನು ನೆಲದೊಳಗೆ ಗಡ್ಡೆಯಾಗಿ ಮಲಗಿ ಕಳೆಯುವ ಕ್ರಮವನ್ನು ಡೇರೆಯು ಅಲ್ಲಿಯೇ ಕಲಿತಿತ್ತು. ಸಾವಿರಾರು ಮೈಲಿ ದೂರದ ಸಹ್ಯಾದ್ರಿಯ ಮಡಿಲಿಗೆ ಬಂದಾಗ ಅದು ತನ್ನ ದಿನಚರಿಯಲ್ಲಿ ಏನನ್ನೂ ಬದಲಿಸಿಕೊಳ್ಳಬೇಕಾಗಲಿಲ್ಲ.

ಈ ದೃಷ್ಟಿಯಿಂದ ಮಲೆನಾಡಿನ ಅಂಗಳವನ್ನು ಮತ್ತೊಮ್ಮೆ ನೋಡಿದರೆ, ಅಲ್ಲಿ ಸುಖವಾಗಿರುವ ಅನ್ಯದೇಶೀಯ ಗಿಡಗಳಲ್ಲಿ ಬಹುಪಾಲು ಆ ಒಂದೇ ದಿಕ್ಕಿನಿಂದ ಬಂದವೆಂಬುದು ಗೋಚರವಾಗುತ್ತದೆ. ಚೆಂಡು ಹೂ, ಜೀನಿಯಾ, ಕಾಸ್ಮಾಸ್, ಸುಗಂಧರಾಜ, ಇವೆಲ್ಲವೂ ಮೆಕ್ಸಿಕೋ ಮೂಲದವು; ನಡುರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುವ, ನಾವು ಬ್ರಹ್ಮಕಮಲವೆಂದು ಕರೆದು ಆರತಿ ಎತ್ತುವ ಗಿಡವೂ ಆ ಕಡೆಯ ಕಾಡುಗಳ ಕಳ್ಳಿಜಾತಿಯದು. ಯಾವ ಭೂಪಟವನ್ನೂ ಬಿಡಿಸದೆ, ಯಾವ ವಾಯುಗುಣದ ಕೋಷ್ಟಕವನ್ನೂ ಓದದೆ, ಬಂದ ಗಿಡಗಳಲ್ಲಿ ಬಾಳಿದ್ದನ್ನು ಉಳಿಸಿಕೊಂಡು ಬಾಳದ್ದನ್ನು ಬಿಟ್ಟುಕೊಡುತ್ತ ಹೋದ ಗೃಹಿಣಿಯರು, ತಮ್ಮ ಮಳೆಗೆ ಒಪ್ಪುವ ಮಳೆಯಲ್ಲಿ ಹುಟ್ಟಿದ ಗಿಡಗಳನ್ನೇ ಆರಿಸಿಕೊಂಡರೆಂಬುದು ನನಗೆ ಬಹು ಸ್ವಾರಸ್ಯದ ಸಂಗತಿಯಾಗಿ ತೋರುತ್ತದೆ. ಇದಕ್ಕೆ ಪ್ರತಿಯಾಗಿ ಗುಲಾಬಿಯನ್ನು ನೋಡಿ. ಬಯಲುಸೀಮೆಯ ಒಣಹವೆಯಲ್ಲಿ ರಾಜಠೀವಿಯಿಂದ ನಿಲ್ಲುವ ನರ್ಸರಿಯ ಕಸಿಗುಲಾಬಿಯು ಆಷಾಢದ ಮಲೆನಾಡಿನಲ್ಲಿ ಎಲೆಯುದುರಿಸಿಕೊಂಡು ಬರಿಯ ಮುಳ್ಳುಕಡ್ಡಿಯಾಗಿ ನಿಂತಿರುತ್ತದೆ; ಆದರೂ ಪ್ರತಿವರ್ಷ ಹೊಸತೊಂದನ್ನು ತಂದು ನೆಡುವವರ ಉತ್ಸಾಹಕ್ಕೆ ಭಂಗ ಬಂದಂತೆ ಕಾಣುವುದಿಲ್ಲ.

ಇನ್ನು ಮಳೆಯು ಗಿಡಕ್ಕೆ ಮಾಡುವುದಾದರೂ ಏನು? ಎಡೆಬಿಡದ ಜಡಿಮಳೆಯಲ್ಲಿ ಗಿಡವೊಂದು ಹಳದಿಯಾಗಿ ಜೋತುಬಿದ್ದರೆ ‘ಶೀತಕ್ಕೆ ಹೋಯಿತು’ ಎನ್ನುವುದು ವಾಡಿಕೆ. ನೀರು ಹೆಚ್ಚಾದುದೇ ಮರಣಕಾರಣವೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಉಸಿರು ಕಟ್ಟಿ ಸತ್ತಿರುತ್ತದೆ. ಬೇರು ಕೂಡ ಉಸಿರಾಡತಕ್ಕ ಅಂಗ. ಹದವಾದ ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಅರ್ಧ ನೀರಿದ್ದರೆ ಅರ್ಧ ಗಾಳಿಯಿರುತ್ತದೆ. ಆ ಗಾಳಿಯ ಸ್ಥಳವನ್ನೂ ನೀರೇ ಆಕ್ರಮಿಸಿದಾಗ ಆಮ್ಲಜನಕವು ಬೇರನ್ನು ಮುಟ್ಟುವುದು ದುಸ್ತರವಾಗುತ್ತದೆ, ಏಕೆಂದರೆ ಗಾಳಿಯಲ್ಲಿ ಸಂಚರಿಸುವುದಕ್ಕಿಂತ ನಿಂತ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನವಾಗಿ ಸಂಚರಿಸುತ್ತದೆ. ಉಸಿರಿಲ್ಲದ ಬೇರಿಗೆ ನೀರನ್ನು ಹೀರುವ ಶಕ್ತಿಯೂ ಉಡುಗುವುದರಿಂದ, ಪಾದದಲ್ಲಿ ನೀರು ನಿಂತಿದ್ದರೂ ತುದಿಯೆಲೆ ಬಾಯಾರಿ ಬಾಡುತ್ತದೆ. ಬಾಡಿದ ಗಿಡವನ್ನು ಕಂಡು ಕರುಣೆಯಿಂದ ಇನ್ನೊಂದು ಚೊಂಬು ನೀರು ಹೊಯ್ಯುವವರೂ ಇದ್ದಾರೆ! ಇದಕ್ಕೆ ಉತ್ತರ ನಮ್ಮ ಹಿತ್ತಿಲಿನ ಹಲಸಿನ ಮರದಲ್ಲೇ ಇದೆ. ಮಳೆಗಾಲದ ಮೊದಲಲ್ಲಿ ತಿಳಿಗೆಂಪಿನ ಚುಕ್ಕೆಗಳ ಬಿಳಿಯ ಹೂಗಳನ್ನು ಜಡೆಯಂತೆ ಇಳಿಬಿಡುವ ಸೀತಾಳೆ ದಂಡೆಯು, ಆಗುಂಬೆಯ ಮಳೆಯಷ್ಟನ್ನೂ ಮೈಮೇಲೆ ಹೊಯ್ಯಿಸಿಕೊಂಡೂ ಕೊಳೆಯುವುದಿಲ್ಲ. ಅದರ ದಪ್ಪಬೇರುಗಳು ಮರದ ತೊಗಟೆಯ ಮೇಲೆ ಬಯಲಿನಲ್ಲೇ ಹರಡಿರುವುದರಿಂದ, ಮಳೆ ನಿಂತ ಅರೆಗಳಿಗೆಯಲ್ಲಿ ಅವು ಗಾಳಿಗೆ ಆರುತ್ತವೆ. ಅದೇ ದಂಡೆಯನ್ನು ಕಿತ್ತು ತಂದು ಕುಂಡದ ಮಣ್ಣಿನಲ್ಲಿ ಹೂತರೆ ಒಂದು ಮಳೆಗಾಲವನ್ನೂ ಅದು ದಾಟಲಾರದು.

ಆದುದರಿಂದಲೇ ಮಲೆನಾಡಿನಲ್ಲಿ ಮಳೆಗಾಲದ ತೋಟಗಾರಿಕೆಯ ಅರ್ಧಕ್ಕಿಂತ ಹೆಚ್ಚಿನ ಕೆಲಸ ಮಳೆಗೆ ಮುಂಚೆಯೇ ಮುಗಿದಿರಬೇಕು. ಅಡಕೆ ತೋಟದಲ್ಲಿ ಬಸಿಗಾಲುವೆಯನ್ನು ತೋಡಿ ಅನುಭವವಿರುವ ಮನೆಯಲ್ಲಿ ಅಂಗಳದ ಹೂವಿನ ಪಾತಿಗೂ ಅದೇ ಶಾಸ್ತ್ರ ಅನ್ವಯವಾಗುತ್ತದೆ. ಡೇರೆಯ ಗಡ್ಡೆಯನ್ನು ನೆಡುವ ರೀತಿಯನ್ನೇ ಹತ್ತಿರದಿಂದ ನೋಡೋಣ. ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಿದ್ದು ನೆಲ ತಣಿದೊಡನೆ, ಅಂಗಳದ ಅಂಚಿನ ಎತ್ತರದ ಭಾಗದಲ್ಲಿ, ಸೂರಿನ ನೀರು ಬೀಳದ ದೂರದಲ್ಲಿ, ಕೆಮ್ಮಣ್ಣಿಗೆ ಹಳೆಯ ಸಗಣಿ ಗೊಬ್ಬರವನ್ನೂ ಒಂದಷ್ಟು ಮರಳನ್ನೂ ಬೆರೆಸಿ ಏರಿ ಕಟ್ಟುತ್ತಾರೆ. ಗೊಂಚಲಾಗಿರುವ ಗಡ್ಡೆಗಳನ್ನು ಬಿಡಿಸಿ, ಒಂದೊಂದನ್ನೂ ಓರೆಯಾಗಿ ಮಲಗಿಸಿ, ಮೊಳಕೆಯ ತುದಿ ಮಾತ್ರ ಮೇಲಕ್ಕೆ ಮುಖಮಾಡುವಂತೆ ತೆಳುವಾಗಿ ಮಣ್ಣು ಮುಚ್ಚುತ್ತಾರೆ. ಮೊಳಕೆ ಹೊರಬರುವವರೆಗೆ ನೀರಿನ ಮಾತೇ ಇಲ್ಲ. ಗಡ್ಡೆಯೊಳಗಿನ ಪಸೆಯೇ ಸಾಕು. ಗಿಡ ಗೇಣುದ್ದವಾದಾಗ ತುದಿಯ ಕುಡಿಯನ್ನು ಚಿವುಟಿದರೆ ಅದು ಕವಲೊಡೆದು ಗಿಡ್ಡವಾಗಿ ಬಲಿಯುತ್ತದೆ. ಚಿವುಟದಿದ್ದರೆ, ಮೋಡ ಕವಿದ ಆಷಾಢದಲ್ಲಿ ಬೆಳಕನ್ನು ಅರಸಿ ಸೊಣಕಲಾಗಿ ಮೇಲಕ್ಕೇರಿ, ಮೊದಲ ಗಾಳಿಗೆ ಮಲಗುತ್ತದೆ. ಮಳೆ ಬಲಿತ ಹಾಗೆಲ್ಲ ಕೊಚ್ಚಿಹೋದ ಮಣ್ಣನ್ನು ಮತ್ತೆ ಬುಡಕ್ಕೆ ಏರಿಸುವುದು, ಅಡಕೆ ದಬ್ಬೆಯನ್ನು ಊರಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟುವುದು, ಕೆಳಗಿನ ಎಲೆಗಳನ್ನು ಬಿಡಿಸಿ ಗಾಳಿಯಾಡಲು ಎಡೆಮಾಡುವುದು, ಇವು ಬೆಳಗಿನ ದೋಸೆಯ ಕೆಲಸಕ್ಕೂ ಮಧ್ಯಾಹ್ನದ ಅಡುಗೆಗೂ ನಡುವೆ ಮಳೆ ಒಂದಿಷ್ಟು ಹೊಳವಾದಾಗ ನಡೆಯುವ ಕೆಲಸಗಳು.

ದಬ್ಬೆಯ ಆಸರೆ ಏಕೆ ಬೇಕೆಂಬುದು ಹೂ ಅರಳಿದ ದಿನ ಗೊತ್ತಾಗುತ್ತದೆ. ನೂರಾರು ದಳಗಳ ದೊಡ್ಡ ಡೇರೆಯೊಂದರ ಪ್ರತಿಯೊಂದು ದಳವೂ ಚಮಚದಂತೆ ಒಳಬಾಗಿರುವುದರಿಂದ ಒಂದೊಂದರಲ್ಲಿಯೂ ನಾಲ್ಕಾರು ಹನಿ ನೀರು ತಂಗುತ್ತದೆ. ಒಂದು ಜೋರು ಮಳೆ ಹೊಯ್ದು ಹೋದ ಮೇಲೆ ಹೂವಿನ ಭಾರ ಇಮ್ಮಡಿಸಿ, ಟೊಳ್ಳಾದ ಕಾಂಡವು ಗೆಣ್ಣಿನಲ್ಲಿ ಲಟಕ್ಕನೆ ಮುರಿಯುತ್ತದೆ. ಅನುಭವಿಗಳು ಮಳೆ ನಿಂತೊಡನೆ ಹೊರಗೆ ಬಂದು ಹೂವಿನ ಕತ್ತನ್ನು ಎರಡು ಬೆರಳಿನಿಂದ ಹಿಡಿದು ಮೆಲ್ಲನೆ ಬಗ್ಗಿಸಿ ನೀರು ಚೆಲ್ಲುವುದನ್ನು ನಾನು ಕಂಡಿದ್ದೇನೆ. ಹೂ ಕೊಯ್ಯುವಾಗಲೂ ಗೆಣ್ಣಿಗೆ ತಾಗಿಸಿ ಕತ್ತರಿಸತಕ್ಕದ್ದು. ನಡುವೆ ಕತ್ತರಿಸಿದರೆ ಉಳಿದ ಕೊಳವೆಯಲ್ಲಿ ಮಳೆನೀರು ನಿಂತು ಕೊಳೆತವು ಬುಡದವರೆಗೂ ಇಳಿಯುತ್ತದೆ. ಮನುಷ್ಯನ ಕೈ ದೊಡ್ಡದು ಮಾಡಿದ ಈ ತೋಟದ ಹೂವಿಗೆ ಬರುವ ಸಂಕಟ, ಮಳೆಯಲ್ಲೇ ಹುಟ್ಟಿದ ಕಾಡುಹೂಗಳಿಗೆ ಇಲ್ಲ. ಹನಿ ಬಿದ್ದರೆ ಪರಾಗವು ನೀರು ಕುಡಿದು ಒಡೆಯುತ್ತದೆ, ಮಕರಂದ ತೆಳ್ಳಗಾಗುತ್ತದೆ, ಜೇನ್ನೊಣವೂ ಗೂಡು ಬಿಟ್ಟು ಹೊರಡದು. ಆದುದರಿಂದ ಮಳೆಗಾಲದಲ್ಲಿ ಹೂಬಿಡಬೇಕಾದ ಗಿಡಕ್ಕೆ ಪರಾಗವನ್ನು ಮರೆಮಾಡುವ ಉಪಾಯ ಬೇಕೇ ಬೇಕು. ಧರೆಯ ಮೇಲೆಲ್ಲ ತಾನಾಗಿ ಹುಟ್ಟುವ ಕರ್ಣಕುಂಡಲದ ಹೂವನ್ನು ತಿರುಗಿಸಿ ನೋಡಿ: ತೆಳುವಾದ ತೊಟ್ಟಿನಲ್ಲಿ ಅದು ಅಡ್ಡಲಾಗಿ ತೂಗುತ್ತಿರುತ್ತದೆ, ಮೇಲಿನ ದಳವೊಂದು ಕೊಪ್ಪೆಯಂತೆ ಚಾಚಿ ಕೇಸರಗಳನ್ನು ಮುಚ್ಚುತ್ತದೆ, ಮಕರಂದವು ಹಿಂದಿನ ಸಪೂರ ಕೊಂಬಿನೊಳಗೆ ಭದ್ರವಾಗಿರುತ್ತದೆ. ಈ ಕುಲದ ನೂರಕ್ಕೂ ಮಿಗಿಲಾದ ಜಾತಿಗಳು ಪಶ್ಚಿಮಘಟ್ಟದಲ್ಲಿದ್ದು, ಅವುಗಳಲ್ಲಿ ಬಹುಪಾಲು ಬೇರೆಲ್ಲೂ ಕಾಣಸಿಗವು. ಬೇಲಿಯ ಮೇಲೆ ಹಬ್ಬಿ ಬೆಂಕಿಯ ನಾಲಗೆಯಂತಹ ದಳಗಳನ್ನು ಮೇಲಕ್ಕೆ ಮಡಿಸಿ ತಲೆಕೆಳಗಾಗಿ ಅರಳುವ, ಹಬ್ಬದ ಗೌರಿಗೆ ಏರುವ ಅಗ್ನಿಶಿಖೆಯದೂ ಇಂಥದೇ ಬಗೆ. ಅದರ ಗಡ್ಡೆ ಘೋರ ವಿಷವೆಂಬುದನ್ನು ಮಕ್ಕಳಿರುವ ಮನೆಯವರು ನೆನಪಿನಲ್ಲಿಡಬೇಕು.

ಮಳೆಯು ಬೇರಿನ ಉಸಿರನ್ನು ಕಟ್ಟುವುದು ಕಣ್ಣಿಗೆ ಬೀಳುವ ಉಪದ್ರವವಾದರೆ, ಮಣ್ಣಿನ ಸಾರವನ್ನು ಬಸಿದೊಯ್ಯುವುದು ಸದ್ದಿಲ್ಲದೆ ನಡೆಯುವ ಅಪಹರಣ. ಸಾರಜನಕವೂ ಪೊಟ್ಯಾಶಿಯವೂ ನೀರಿನಲ್ಲಿ ಕರಗಿ ಕೆಳಗಿಳಿಯುತ್ತವೆ; ಸುಣ್ಣದ ಅಂಶವೂ ಕರಗಿಹೋಗಿ ಮಣ್ಣು ಹುಳಿಯಾಗುತ್ತದೆ. ಆಷಾಢದಲ್ಲಿ ಗಿಡದ ಹಳೆಯ ಎಲೆಗಳು ಬುಡದಿಂದ ಮೇಲಕ್ಕೆ ಬಿಳಿಚಿಕೊಳ್ಳುವುದು ಈ ಹಸಿವಿನಿಂದಲೇ. ಆದರೆ ಆಗ ಸುರಿಯುವ ಅಂಗಡಿಯ ಗೊಬ್ಬರವು ಮರುದಿನ ಹೊಳೆ ಸೇರುವುದೇ ಹೊರತು ಗಿಡವನ್ನು ಸೇರದು. ನಿಧಾನವಾಗಿ ಕರಗುವ ಕೊಟ್ಟಿಗೆಗೊಬ್ಬರ ಮತ್ತು ಹಿಂಡಿಗಳೇ ಆ ಕಾಲಕ್ಕೆ ಯೋಗ್ಯ. ಒಂದು ಗಿಡ ಮಾತ್ರ ಈ ಹುಳಿಮಣ್ಣನ್ನೇ ತನ್ನ ಶೃಂಗಾರಕ್ಕೆ ಬಳಸಿಕೊಂಡಿದೆ. ಮಡಿಕೇರಿಯ ಕಡೆ ಮನೆಗಳ ಮುಂದೆ ಮಳೆಗಾಲದಲ್ಲಿ ಚೆಂಡುಚೆಂಡಾಗಿ ಅರಳುವ ಹೈಡ್ರೇಂಜಿಯಾವನ್ನು ನೋಡಿದವರು ಅದರ ನೀಲಿಯನ್ನು ಮರೆಯಲಾರರು. ಮಣ್ಣಿನ ಹುಳಿ ಹೆಚ್ಚಿದಂತೆ ಅದರಲ್ಲಿನ ಅಲ್ಯೂಮಿನಿಯಂ ಕರಗಿ ಬೇರಿಗೆ ದೊರೆತು ಹೂವಿನ ವರ್ಣದ್ರವ್ಯದೊಡನೆ ಕೂಡಿದಾಗ ಆ ನೀಲಿ ಹುಟ್ಟುತ್ತದೆ. ಅದೇ ಗಿಡವನ್ನು ಸುಣ್ಣದಂಶವುಳ್ಳ ಮಣ್ಣಿನಲ್ಲಿ ಬೆಳೆಸಿದರೆ ಹೂವು ಗುಲಾಬಿಬಣ್ಣಕ್ಕೆ ತಿರುಗುತ್ತದೆ. ಕೊಡಗಿನ ಮಳೆ ಸಹಸ್ರಾರು ವರ್ಷ ತೊಳೆದ ಮಣ್ಣು ಅಲ್ಲಿಯ ಅಂಗಳಕ್ಕೆ ಬಣ್ಣವನ್ನು ಕೊಟ್ಟಿದೆಯೆಂದರೆ ಅತಿಶಯೋಕ್ತಿಯಲ್ಲ.

ರೋಗಗಳ ವಿಷಯದಲ್ಲಿ ಮಳೆಗೆ ಕೆಟ್ಟ ಹೆಸರು ಬಂದಿರುವುದು ಪೂರ್ತಿ ನ್ಯಾಯವಲ್ಲ. ಗುಲಾಬಿಯ ಕಪ್ಪುಚುಕ್ಕೆ ರೋಗದ ಕಣವು ಎಲೆಯೊಳಕ್ಕೆ ಇಳಿಯಬೇಕಾದರೆ ಎಲೆಯ ಮೇಲೆ ಸುಮಾರು ಏಳು ಗಂಟೆ ಕಾಲ ನೀರು ಆರದೆ ನಿಂತಿರಬೇಕು. ಮಲೆನಾಡಿನ ಜುಲೈಯಲ್ಲಿ ಎಲೆ ಆರುವುದೇ ಅಪರೂಪವಾದುದರಿಂದ ಅಲ್ಲಿ ಗುಲಾಬಿಯ ದುರ್ಗತಿ ಸ್ವಯಂವೇದ್ಯ. ಅಡಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರಷ್ಟು ಹಿಂದೆಯೇ ಶಾಸ್ತ್ರೀಯವಾಗಿ ವಿವೇಚಿಸಿದರಷ್ಟೆ. ಅದರ ಕುಲಕ್ಕೇ ಸೇರಿದ ಜೀವಿಗಳು ಹೂವಿನ ಗಿಡಗಳ ಬುಡವನ್ನೂ ಕೊಳೆಯಿಸುತ್ತವೆ, ಮತ್ತು ಅವು ಮಣ್ಣಿನ ನೀರಿನಲ್ಲಿ ಅಕ್ಷರಶಃ ಈಜಿಕೊಂಡು ಬೇರಿನಿಂದ ಬೇರಿಗೆ ಹೋಗುತ್ತವೆ. ತೋಟಕ್ಕೆಂದು ಮೈಲುತುತ್ತ ಸುಣ್ಣ ಕಲಸುವ ದಿನ, ನೂರು ಲೀಟರಿಗೆ ಒಂದೊಂದು ಕಿಲೋ ಹದದ ಆ ಬೋರ್ಡೋ ದ್ರಾವಣದಲ್ಲಿ ಒಂದು ಬಕೇಟು ಅಂಗಳದ ಗಿಡಗಳಿಗೂ ಸಲ್ಲುವುದುಂಟು. ಇಷ್ಟಾದರೂ ಒಣಹವೆಯಲ್ಲಿ ಗಿಡವನ್ನು ಕಾಡುವ ಬೂದಿರೋಗವೂ, ಎಲೆಯ ತಳದಲ್ಲಿ ಬಲೆ ಕಟ್ಟುವ ನುಸಿಯೂ ಜೋರುಮಳೆಗೆ ತೊಳೆದುಹೋಗುತ್ತವೆಂಬ ಉಪಕಾರವನ್ನು ಮರೆಯಲಾಗದು.

ಘಟ್ಟವಿಳಿದರೆ ಲೆಕ್ಕ ಬೇರೆ. ಉಡುಪಿಯ ಬಳಿಯ ಶಂಕರಪುರದ ಸುತ್ತಿನಲ್ಲಿ ಮಲ್ಲಿಗೆಯು ಹೊಲದ ಬೆಳೆಯಲ್ಲ, ಮನೆಯ ಬೆಳೆ. ಅಂಗಳದ ಬದಿಯ ಕೆಲವೇ ಗಿಡಗಳಿಂದ ಹೆಂಗಸರು ಸಂಸಾರದ ಖರ್ಚಿನ ಒಂದು ಭಾಗವನ್ನು ತೆಗೆಯುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಗೆ ದಿನದಿನದ ದರ. ಬಿಸಿಲನ್ನು ಬಯಸುವ ಆ ಗಿಡವು ಬೇಸಗೆಯಲ್ಲಿ ಬೇಡವೆಂದರೂ ಮೊಗ್ಗು ಕೊಡುತ್ತದೆ; ಮಳೆ ಹಿಡಿದೊಡನೆ ಚಿಗುರು ಬೆಳೆದು ಮೊಗ್ಗು ಕಡಿಮೆಯಾಗುತ್ತದೆ, ಬಂದ ಮೊಗ್ಗೂ ನೆನೆದು ಕಂದುತ್ತದೆ. ಶ್ರಾವಣದ ಬೇಡಿಕೆಯೂ ಮಳೆಗಾಲದ ಕೊರತೆಯೂ ಕೂಡಿದಾಗ ದರವು ಗಗನಕ್ಕೇರುತ್ತದೆ. ಆಗ ನೂರೇ ಮೊಗ್ಗು ಕೊಯ್ದವಳಿಗೂ ಲಾಭವುಂಟು. ಮಲೆನಾಡಿನ ಗೃಹಿಣಿ ಮಳೆಗೆ ಒಪ್ಪುವ ಗಿಡವನ್ನು ಆರಿಸಿಕೊಂಡಳು. ಕರಾವಳಿಯ ಗೃಹಿಣಿ ಮಳೆಗೆ ಒಪ್ಪದ ಗಿಡವನ್ನೇ ಹಿಡಿದು ಬುಡ ಬಿಡಿಸಿ, ನೀರು ಹರಿಯಿಸಿ, ಮಳೆಯ ನಡುವೆ ಒಂದು ಹಿಡಿ ಮೊಗ್ಗನ್ನು ಗೆಲ್ಲುತ್ತಾಳೆ. ಎರಡನೆಯದೇ ಕಷ್ಟದ ವಿದ್ಯೆಯೆಂದು ನನ್ನ ಎಣಿಕೆ.

ಮಳೆಯ ಉಪಕಾರಗಳಲ್ಲಿ ದೊಡ್ಡದು ಹೂವಿಗಿಂತ ಗೆಲ್ಲಿಗೆ ಸಂಬಂಧಪಟ್ಟದ್ದು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂದು ರೈತರು ಹೇಳುವ ಆ ಮಳೆ, ಜೂನ್ ಇಪ್ಪತ್ತೆರಡರ ಸುಮಾರಿಗೆ ಹುಟ್ಟುವುದು, ಗಿಡ ನೆಡುವವರಿಗೂ ಶುಭಮುಹೂರ್ತ. ಗಾಳಿಯಲ್ಲಿಯೇ ತೇವ ತುಂಬಿರುವಾಗ ಕತ್ತರಿಸಿದ ಗೆಲ್ಲಿನ ಎಲೆಯಿಂದ ನೀರು ಆವಿಯಾಗುವುದು ಬಹು ಕಡಿಮೆ; ಬೇರಿಲ್ಲದ ಆ ಕೊಂಬೆಗೆ ಬಾಡದೆ ಬದುಕಿ ಬೇರು ಬಿಡಲು ಸಮಯ ದೊರೆಯುತ್ತದೆ. ದಾಸವಾಳ, ನಂದಿಬಟ್ಟಲು, ಜಾಜಿ, ಕ್ರೋಟನ್, ಯಾವುದನ್ನು ಊರಿದರೂ ಹತ್ತುತ್ತದೆ. ಸೇವಂತಿಗೆಯ ಕುಡಿಗಳನ್ನು ನೆಡುವುದೂ ಈಗಲೇ. ಹಗಲು ಕಿರಿದಾಗುವವರೆಗೆ ಅದು ಮೊಗ್ಗಿಡದೆ ಬರಿಯ ಎಲೆಯಾಗಿ ಬೆಳೆದು ಕಾರ್ತಿಕಕ್ಕೆ ಸಿದ್ಧವಾಗುತ್ತದೆ. ಈ ಕಾರಣದಿಂದಲೇ ಮಳೆಗಾಲದ ನೆಂಟರು ಹಿಂದಿರುಗುವಾಗ ಕೊಡೆಯೊಡನೆ ಬಾಳೆಪಟ್ಟೆಯಲ್ಲಿ ಸುತ್ತಿದ ಗೆಲ್ಲಿನ ಕಟ್ಟೊಂದು ಕೈಯಲ್ಲಿರುತ್ತದೆ. ಕೇಳದೆ ಮುರಿದು ತಂದ ಗೆಲ್ಲೇ ಚೆನ್ನಾಗಿ ಹತ್ತುವುದೆಂಬ ನಂಬಿಕೆಯೊಂದಿದೆ. ಅದಕ್ಕೆ ಶಾಸ್ತ್ರಾಧಾರವನ್ನು ಯಾರೂ ಹುಡುಕಿದಂತಿಲ್ಲ, ಪ್ರಯೋಗ ಮಾತ್ರ ಅವ್ಯಾಹತವಾಗಿ ನಡೆದಿದೆ.

ನಗರದ ತಾರಸಿಯ ತೋಟಗಳಿಗೆ ಈ ಮಾತುಗಳು ಎಷ್ಟು ಸಲ್ಲುತ್ತವೆ? ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರು. ಅದರಲ್ಲಿ ಹೆಚ್ಚಿನ ಪಾಲು ಸಂಜೆಯ ಗುಡುಗುಮಳೆಯಾಗಿ ಬಂದು ಹೋಗುವುದರಿಂದ, ಮರುದಿನದ ಬಿಸಿಲಿಗೆ ಎಲೆಗಳು ಆರುತ್ತವೆ. ವರ್ಷವಿಡೀ ಕೊಳವೆಬಾವಿಯ ಗಡಸು ನೀರನ್ನು ಕುಡಿದು ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟಿದ ಕುಂಡಗಳಿಗೆ ಮಳೆಯ ಮೆದುನೀರು ಅಭ್ಯಂಗಸ್ನಾನವೇ ಸರಿ. ಉಪ್ಪು ತೊಳೆದುಹೋಗಿ ಗಿಡ ನಾಲ್ಕು ದಿನದಲ್ಲಿ ಹಸುರೇರುವುದನ್ನು ಯಾರು ಬೇಕಾದರೂ ನೋಡಬಹುದು. ಆದರೆ ತಾರಸಿಗೆ ಕಲೆಯಾಗದಿರಲೆಂದು ಕುಂಡದಡಿ ಇಟ್ಟ ತಟ್ಟೆಯನ್ನು ಮಳೆಗಾಲದಲ್ಲಿಯೂ ತೆಗೆಯದವರು, ತಾವೇ ಕೈಯಾರೆ ಗಿಡಕ್ಕೆ ಕೆರೆಯೊಂದನ್ನು ಕಟ್ಟಿಕೊಟ್ಟಂತಾಗುತ್ತದೆ. ಸೊಳ್ಳೆಗೂ ಅದೇ ತೊಟ್ಟಿಲು. ಲಾಲ್‌ಬಾಗಿನ ಆಗಸ್ಟ್ ಪ್ರದರ್ಶನದಿಂದ ಹಿಂದಿರುಗುವಾಗ ಹೂ ತುಂಬಿದ ಕುಂಡವನ್ನು ಕೊಂಡು ತರುವವರು ಇದೊಂದನ್ನು ನೆನಪಿಟ್ಟರೂ ಸಾಕು: ಗಾಜಿನ ಮನೆಯ ಸೂರಿನಡಿ ನಿಂತಿದ್ದ ಗಿಡಕ್ಕೆ ಬಯಲಿನ ಮಳೆ ಹೊಸತು.

ಈಚೆಗೆ ಮಲೆನಾಡಿನಲ್ಲಿಯೂ ಅಂಗಳಕ್ಕೆ ಪಾರದರ್ಶಕ ತಗಡಿನ ಮಾಡು ಹೊದಿಸಿ, ಅದರಡಿ ಕರಿಯ ಚೀಲಗಳಲ್ಲಿ ಡೇರೆಯನ್ನು ಸಾಲಾಗಿಡುವ ಪದ್ಧತಿ ಬಂದಿದೆ. ಹೂವು ಕಳಂಕವಿಲ್ಲದೆ ಅರಳುವುದು ನಿಜ. ಬಂದವರು ಕೊಡೆಯಿಲ್ಲದೆ ನಿಂತು ನೋಡುವ ಅನುಕೂಲವೂ ಉಂಟು. ಆದರೆ ಮಳೆಗಾಗಿಯೇ ಹುಟ್ಟಿದ ಗಿಡವನ್ನು ಮಳೆಯಿಂದ ತಪ್ಪಿಸಿ, ಶ್ರಾವಣದಲ್ಲಿ ಅದಕ್ಕೆ ಕೊಳವೆಯಿಂದ ನೀರು ಹಿಡಿಯುವುದು ನನಗಂತೂ ಒಪ್ಪಿಗೆಯಾಗದು. ತೆರೆದ ಅಂಗಳದ ಹೂವಿನ ದಳ ಒಂದೆರಡು ಹರಿದಿರಲಿ; ಅದರ ಕಾಂಡ ಗಟ್ಟಿ, ಗಡ್ಡೆ ದಪ್ಪ.

ಗಡ್ಡೆಯ ಮಾತು ಬಂದುದರಿಂದ, ಈ ವರ್ಷ ಯಾರದಾದರೂ ಅಂಗಳದಲ್ಲಿ ಮೆಚ್ಚಿಕೊಂಡು ಮುಂದಿನ ಮಳೆಗೆ ತಾವೂ ನೆಡಬೇಕೆಂದಿರುವವರಿಗೆ ಒಂದು ಸೂಚನೆ. ಗಡ್ಡೆ ಬಲಿಯುವುದು ಹಗಲು ಕಿರಿದಾದ ಮೇಲೆ. ದೀಪಾವಳಿ ಕಳೆದು ಗಿಡ ತಾನಾಗಿ ಒಣಗುವವರೆಗೆ ಕಾದು ಕೀಳಬೇಕು, ನೆರಳಿನಲ್ಲಿ ಆರಿಸಿ, ಒಣಮರಳಿನಲ್ಲಿ ಹುಗಿದು, ಇಲಿ ಮುಟ್ಟದೆಡೆ ಇಡಬೇಕು. ಮೊಳಕೆಯ ಕಣ್ಣಿರುವುದು ಗಡ್ಡೆಯ ಮೈಯಲ್ಲಲ್ಲ, ಅದು ಹಳೆಯ ಕಾಂಡಕ್ಕೆ ಅಂಟಿರುವ ಕತ್ತಿನಲ್ಲಿ. ಕತ್ತು ಮುರಿದ ಗಡ್ಡೆ ಎಷ್ಟು ದಪ್ಪವಾಗಿದ್ದರೂ ಎಂದಿಗೂ ಚಿಗುರದು. ಆದುದರಿಂದ ಸಂಕೋಚಪಡದೆ, ಕಾಂಡದ ತುಂಡೊಂದು ಕೂಡಿಕೊಂಡಿರುವ ಗಡ್ಡೆಯನ್ನೇ ಕೇಳಿ ಪಡೆಯಿರಿ.